ಸಾವಿರ ನೋಟಕ್ಕೆ 30 ರೂಪಾಯಿ

ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗೋ ಪ್ರತಿಯೊಂದಕ್ಕೂ ಯಾರೋ ಒಬ್ಬರು ಬಿಲ್ ಕಟ್ಟುತ್ತಿರುತ್ತಾರೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಗಾಬರಿಯಲ್ಲಿ ಹುಡುಕಿ ಡೌನ್‌ಲೋಡ್ ಮಾಡ್ಕೊಳ್ತೀರಲ್ಲ ಹಳೇ ಪ್ರಶ್ನೆಪತ್ರಿಕೆ, ಅದರ ಪಕ್ಕದಲ್ಲಿ ಮಿಣುಕುವ ಶೂ ಜಾಹೀರಾತು, ಪಿಜಿ ಜಾಹೀರಾತು, ಕೋಚಿಂಗ್ ಜಾಹೀರಾತು, ಆ ಬಿಲ್ ಕಟ್ಟೋದು ಅವೇ. ನಾವ್ಯಾರೂ ಅದನ್ನ ನೋಡೋದಿಲ್ಲ, ನೋಡಿದರೂ ಬೈಕೊಂಡು ಮುಚ್ಚುತ್ತೇವೆ. ದೇಶದಲ್ಲಿ ವ್ಯಾಪಾರ ನಿಂತಾಗ ಆ ಪುಟ್ಟ ಚೌಕದಲ್ಲಿ ಏನಾಗುತ್ತೆ ಅನ್ನೋದು ನಮಗೂ ಗೊತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಎರಡು ಸಲ ಕಣ್ಣಾರೆ ನೋಡಿದೆವು. ಕಾಲೇಜು ಬಿಡೋ ಮೊದಲು ಅದನ್ನ ಇಲ್ಲಿ ಬರೆದಿಟ್ಟು ಹೋಗೋಣ ಅಂತ ಈ ಲೇಖನ.

ನಾವು ಅಂದ್ರೆ ನಾಲ್ಕು ಜನ. 2019ರಲ್ಲಿ ಸೇರಿದ ಬ್ಯಾಚು. ಸೀನಿಯರ್‌ಗಳು ನಡೆಸುತ್ತಿದ್ದ ಒಂದು ವೆಬ್‌ಸೈಟು ಎರಡನೇ ಸೆಮಿಸ್ಟರಿನಲ್ಲಿ ನಮ್ಮ ಕೈಗೆ ಬಂತು. ಅದರಲ್ಲಿ ಹಳೇ ಪ್ರಶ್ನೆಪತ್ರಿಕೆಗಳು, ಲ್ಯಾಬ್ ಮ್ಯಾನ್ಯುಯಲ್‌ಗಳು, ಸಿಲಬಸ್ ಇದ್ದವು. ನಾವು ಬಂದ ಮೇಲೆ ಒಂದು ಹೊಸ ವಿಭಾಗ ಸೇರಿಸಿದೆವು: ಮೊದಲ ವರ್ಷದ ಗಣಿತ ಮತ್ತು ಬೇಸಿಕ್ ಎಲೆಕ್ಟ್ರಿಕಲ್ ಪಾಠಗಳು, ಕನ್ನಡದಲ್ಲಿ. ನಾಲ್ವರಲ್ಲಿ ಇಬ್ಬರು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಮೊದಲ ತಿಂಗಳು ಕ್ಲಾಸಿನಲ್ಲಿ ಕೂತು ಏನೂ ತಲೆಗೆ ಹೋಗದೆ ಪಿಳಿಪಿಳಿ ನೋಡಿದ ಅನುಭವ ಇನ್ನೂ ಹಸಿಯಾಗಿತ್ತು. ಅದು ಮರೆಯೋ ಮೊದಲೇ ಬರೆಯಬೇಕು ಅನ್ನಿಸಿತ್ತು.

ಸೈಟಿಗೆ ಒಂದು ಜಾಹೀರಾತು ಜಾಲದ ಕೋಡು ಹಾಕಿತ್ತು. ಬಂದ ದುಡ್ಡಿನಲ್ಲಿ ಮೊದಲು ಸರ್ವರ್ ಬಾಡಿಗೆ, ಡೊಮೇನ್ ಹಣ. ಉಳಿದದ್ದು ನಾಲ್ವರಲ್ಲಿ ಒಬ್ಬನ ಮೆಸ್ ಬಿಲ್ಲಿಗೆ. ಇದು ನಮ್ಮೊಳಗಿನ ಒಪ್ಪಂದ. ಅವನಪ್ಪ ಬೇಲೂರು, ಹಳೇಬೀಡು, ಚಿಕ್ಕಮಗಳೂರು ಕಡೆ ಪ್ರವಾಸಿಗರನ್ನು ಕರ್ಕೊಂಡು ಹೋಗೋ ಟಿಟಿ ಓಡಿಸುತ್ತಿದ್ದರು. ಗಾಡಿಯ ಮೇಲೆ ಸಾಲ ಇತ್ತು. ತಂಗಿ ಓದುತ್ತಿದ್ದಳು. ಸೈಟಿನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡುತ್ತಿದ್ದವನೂ ಅವನೇ, ಹಾಗಾಗಿ ಇದು ದಾನ ಅಲ್ಲ, ದುಡಿಮೆ.

ಲೆಕ್ಕಕ್ಕೆ ಇಳಿಯೋ ಮೊದಲು ಮೂರು ಪದ ತಿಳ್ಕೊಂಡುಬಿಡಿ. ಪುಟ ನೋಡಿದವರಲ್ಲಿ ಜಾಹೀರಾತು ಒತ್ತಿದವರ ಪಾಲು ಸಿಟಿಆರ್. ಒಂದು ಕ್ಲಿಕ್ಕಿಗೆ ಸಿಗೋ ದುಡ್ಡು ಸಿಪಿಸಿ. ಸಾವಿರ ಪುಟ ನೋಟಕ್ಕೆ ಸೈಟಿನವರ ಕೈಗೆ ಬರೋದು ಆರ್‌ಪಿಎಂ. ಇದು ಮೋಟರಿನ ಆರ್‌ಪಿಎಂ ಅಲ್ಲ, ಆದರೂ ಗಾಡಿ ಎಷ್ಟು ಜೋರಾಗಿ ಓಡ್ತಿದೆ ಅಂತ ಹೇಳೋದು ಇದೇ. ಸಾವಿರವನ್ನು ಸಿಟಿಆರ್‌ನಿಂದ ಗುಣಿಸಿ, ಅದನ್ನ ಸಿಪಿಸಿಯಿಂದ ಗುಣಿಸಿದರೆ ಹೆಚ್ಚು ಕಮ್ಮಿ ಆರ್‌ಪಿಎಂ ಸಿಗುತ್ತೆ.

2020ರ ಫೆಬ್ರವರಿಯಲ್ಲಿ ನಮ್ಮ ಸೈಟಿಗೆ 60 ಸಾವಿರ ಪುಟ ನೋಟ. ಆರ್‌ಪಿಎಂ 90 ಸೆಂಟ್. ಒಟ್ಟು 54 ಡಾಲರ್. ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯ್ತು. ಹಾಸ್ಟೆಲ್ ಖಾಲಿ ಮಾಡಿ ಎಲ್ಲರೂ ಊರು ಸೇರಿದ್ದೆವು. ಆನ್‌ಲೈನ್ ಕ್ಲಾಸ್ ಶುರುವಾದ ಮೇಲೆ ಲೈಬ್ರರಿ ಇಲ್ಲ, ಜೆರಾಕ್ಸ್ ಅಂಗಡಿ ಇಲ್ಲ, ಹಾಗಾಗಿ ಎಲ್ಲರೂ ಸೈಟಿಗೇ ಬಂದರು. ಏಪ್ರಿಲ್‌ನಲ್ಲಿ 90 ಸಾವಿರ ನೋಟ. ಒಂದೂವರೆ ಪಟ್ಟು! ಗ್ರೂಪಲ್ಲಿ ಒಬ್ಬ, "ಮಗಾ, ಈ ತಿಂಗಳು 80 ಡಾಲರ್ ಗ್ಯಾರಂಟಿ" ಅಂತ ಮೆಸೇಜ್ ಹಾಕಿದ. ಬಂದದ್ದು 36 ಡಾಲರ್. ಆರ್‌ಪಿಎಂ 40 ಸೆಂಟಿಗೆ ಇಳಿದಿತ್ತು. ಸಾವಿರ ಜನ ನೋಡಿದರೆ 30 ರೂಪಾಯಿ, ಅಂದ್ರೆ ಎರಡು ಪ್ಲೇಟ್ ಇಡ್ಲಿಗೂ ಸಾಲದು.

ಕೋಡು ಕೈಕೊಟ್ಟಿರಬೇಕು ಅನ್ನೋದು ಎಂಜಿನಿಯರಿಂಗ್ ಹುಡುಗರ ಮೊದಲ ಅನುಮಾನ. ಆದರೆ ಮೊತ್ತ ಬಿದ್ದಾಗ ಮೊತ್ತವನ್ನೇ ದಿಟ್ಟಿಸಿ ಪ್ರಯೋಜನ ಇಲ್ಲ, ಅದನ್ನ ಬಿಡಿಬಿಡಿಯಾಗಿ ನೋಡಬೇಕು. ಸರ್ಕ್ಯೂಟಿನಲ್ಲಿ ಔಟ್‌ಪುಟ್ ಬರದಿದ್ದರೆ ಒಂದೊಂದೇ ಹಂತದಲ್ಲಿ ಮಲ್ಟಿಮೀಟರ್ ಇಟ್ಟು ನೋಡ್ತೀವಲ್ಲ, ಹಾಗೆ. ಫೆಬ್ರವರಿಯಲ್ಲಿ ಸಾವಿರ ನೋಟಕ್ಕೆ 12 ಕ್ಲಿಕ್, ಒಂದು ಕ್ಲಿಕ್ಕಿಗೆ 7.5 ಸೆಂಟ್. ಏಪ್ರಿಲ್‌ನಲ್ಲಿ ಸಾವಿರಕ್ಕೆ 10 ಕ್ಲಿಕ್, ಒಂದಕ್ಕೆ 4 ಸೆಂಟ್. ಕ್ಲಿಕ್ ಇಳಿದದ್ದು ಅಷ್ಟಕ್ಕಷ್ಟೆ. ಕ್ಲಿಕ್ಕಿನ ಬೆಲೆಯೇ ಹೆಚ್ಚು ಕಮ್ಮಿ ಅರ್ಧ ಆಗಿತ್ತು. ಅಂದ್ರೆ ಕೆಟ್ಟದ್ದು ನಮ್ಮ ಪುಟವೂ ಅಲ್ಲ, ಓದುಗರೂ ಅಲ್ಲ. ಸಂತೆಯೇ ಬಿದ್ದಿತ್ತು.

ಸಂತೆ ಅನ್ನೋ ಮಾತನ್ನ ಸುಮ್ನೆ ಹೇಳಿದ್ದಲ್ಲ. ನೀವು ಪುಟ ತೆರೆದು ಅದು ಪೂರ್ತಿ ಲೋಡ್ ಆಗುವಷ್ಟರಲ್ಲಿ, ಸೆಕೆಂಡಿನ ಒಂದು ತುಣುಕಿನಲ್ಲಿ, ಆ ಚೌಕಕ್ಕೆ ಹರಾಜು ನಡೆದುಹೋಗಿರುತ್ತೆ. ಯಾರು ಹೆಚ್ಚು ಕೂಗ್ತಾರೋ ಅವರ ಜಾಹೀರಾತು. ಗೆದ್ದವರು ಕೊಟ್ಟ ಹಣದಲ್ಲಿ ಜಾಲಕ್ಕೊಂದು ಪಾಲು, ಸೈಟಿಗೊಂದು ಪಾಲು. ಗೂಗಲ್ 2010ರಲ್ಲಿ ಬಹಿರಂಗಪಡಿಸಿದ ಪ್ರಕಾರ ಆಡ್‌ಸೆನ್ಸ್‌ನ ಪುಟ ಜಾಹೀರಾತಿನಲ್ಲಿ ನೂರಕ್ಕೆ 68 ಸೈಟಿನವರಿಗೆ. ಇಂಥ ಏರ್ಪಾಡಿನಲ್ಲಿ ಪಾಲು ಬದಲಾಗಬೇಕಿಲ್ಲ. ಹರಾಜಿನ ಕೂಗು ತಗ್ಗಿದರೆ ಸಾಕು, ಎಲ್ಲರ ಪಾಲೂ ತಾನಾಗೇ ತಗ್ಗುತ್ತೆ.

ಕೂಗು ಯಾಕೆ ತಗ್ಗಿತು? ಒಂದು ಸಣ್ಣ ಲೆಕ್ಕ. ಒಬ್ಬ ವ್ಯಾಪಾರಿಗೆ ಒಂದು ಮಾರಾಟದಿಂದ 500 ರೂಪಾಯಿ ಉಳಿಯುತ್ತೆ ಅಂತಿಟ್ಕೊಳ್ಳಿ. ಜಾಹೀರಾತು ಒತ್ತಿ ಬಂದ ನೂರು ಜನರಲ್ಲಿ ಒಬ್ಬ ಕೊಂಡರೆ, ಆ ವ್ಯಾಪಾರಿ ಒಂದು ಕ್ಲಿಕ್ಕಿಗೆ ಹೆಚ್ಚೆಂದರೆ 5 ರೂಪಾಯಿ ಕೊಡಬಹುದು. ಅದಕ್ಕಿಂತ ಹೆಚ್ಚು ಕೊಟ್ಟರೆ ಕೈಯಿಂದ ಹೋಗುತ್ತೆ. ಈಗ ಜನರ ಜೇಬು ಬಿಗಿಯಾಯ್ತು. ಜಾಹೀರಾತು ಒತ್ತುತ್ತಾರೆ, ನೋಡ್ತಾರೆ, ಬೆಲೆ ಕೇಳ್ತಾರೆ, ಆದರೆ ಕೊಳ್ಳೋದು ಇನ್ನೂರಕ್ಕೆ ಒಬ್ಬ. ಆಗ ಅವನ ಗರಿಷ್ಠ ಕೂಗು ಎರಡೂವರೆ ರೂಪಾಯಿ. ಯಾವ ಆಫೀಸಲ್ಲೂ ಯಾರೂ ಕೂತು "ದರ ಅರ್ಧ ಮಾಡೋಣ" ಅಂತ ತೀರ್ಮಾನಿಸಬೇಕಿಲ್ಲ. ಬಿಡ್ ಹಾಕೋದೇ ಸಾಫ್ಟ್‌ವೇರು. ಮಾರಾಟದ ಲೆಕ್ಕ ನೋಡಿ ಅದು ತನ್ನಷ್ಟಕ್ಕೆ ಕೂಗನ್ನ ಇಳಿಸುತ್ತೆ. ಹಳ್ಳಿಯ ಅಂಗಡಿಯಲ್ಲಿ ಉದ್ರಿ ಹೆಚ್ಚಾದ್ದು ರಾತ್ರಿ ಹೊತ್ತಿಗೆ ನಮ್ಮ ಆರ್‌ಪಿಎಂನಲ್ಲಿ ಕಾಣಿಸುತ್ತೆ ಅಂತ ಹೇಳಿದರೆ ಉತ್ಪ್ರೇಕ್ಷೆ, ಆದರೆ ತೀರಾ ಸುಳ್ಳಲ್ಲ.

ಇನ್ನೊಂದು ಕಾರಣ, ಹರಾಜಿಗೆ ಬರುವವರೇ ಎದ್ದು ಹೋಗಿದ್ದು. ಕಂಪನಿಗಳು ಖರ್ಚು ಕಡಿತ ಶುರು ಮಾಡಿದರೆ ಮೊದಲ ಕತ್ತರಿ ಬೀಳೋದು ಜಾಹೀರಾತಿಗೆ. ಬಾಡಿಗೆ, ಸಂಬಳ ಒಂದೇ ದಿನದಲ್ಲಿ ನಿಲ್ಲಿಸೋಕಾಗಲ್ಲ. ಆನ್‌ಲೈನ್ ಜಾಹೀರಾತನ್ನ ರಾತ್ರಿ ಮಲಗೋ ಮುಂಚೆ ಒಂದು ಗುಂಡಿ ಒತ್ತಿ ನಿಲ್ಲಿಸಬಹುದು. ವಿಮಾನ ಟಿಕೆಟ್, ಹೋಟೆಲ್ ಬುಕಿಂಗ್, ಪ್ರವಾಸದ ಪ್ಯಾಕೇಜು, ಇವೆಲ್ಲ ಒಂದೇ ವಾರದಲ್ಲಿ ನಮ್ಮ ಪುಟಗಳಿಂದ ಮಾಯವಾದವು. ಅದೇ ವಾರ ನಮ್ಮ ಗೆಳೆಯನ ಮನೆ ಮುಂದೆ ಟಿಟಿ ನಿಂತಿತು. ಟಾರ್ಪಾಲು ಹೊದಿಸಿದ ಗಾಡಿಯ ಫೋಟೋ ಕಳಿಸಿ ಅವನು ಬರೆದ: "ಗುರೂ, ಅಪ್ಪನ ಆರ್‌ಪಿಎಂ ಸೊನ್ನೆ." ನಗಬೇಕೋ ಬೇಡವೋ ನಮಗೆ ಗೊತ್ತಾಗಲಿಲ್ಲ. ಪುಟದಿಂದ ಹೋದ ಜಾಹೀರಾತೂ ಅಂಗಳದಲ್ಲಿ ನಿಂತ ಗಾಡಿಯೂ ಒಂದೇ ಸಂಗತಿಯ ಎರಡು ತುದಿ ಅಂತ ಮಾತ್ರ ಆಗ ಅರ್ಥ ಆಯ್ತು.

ನಮ್ಮದು ಇರುವೆ ಗಾತ್ರದ ಸೈಟು. ಆದರೆ ಆನೆಗೂ ಅದೇ ಬಿಸಿ ತಟ್ಟಿತ್ತು. 2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಗೂಗಲ್‌ನ ಜಾಹೀರಾತು ವರಮಾನ ಸುಮಾರು 2,987 ಕೋಟಿ ಡಾಲರ್. ಹಿಂದಿನ ವರ್ಷ ಅದೇ ಅವಧಿಯಲ್ಲಿ 3,260 ಕೋಟಿ ಇತ್ತು. ಮಾತೃ ಸಂಸ್ಥೆ ಆಲ್ಫಾಬೆಟ್‌ನ ಒಟ್ಟು ವರಮಾನವೂ 2% ಇಳಿದು, ಹಿಂದಿನ ವರ್ಷಕ್ಕಿಂತ ಕಮ್ಮಿ ಆಗಿದ್ದು ಆ ಕಂಪನಿಯ ಇತಿಹಾಸದಲ್ಲೇ ಮೊದಲು. ಅದೇ ಮೂರು ತಿಂಗಳಲ್ಲಿ ಭಾರತದ ಜಿಡಿಪಿ ಮೊದಲ ಅಂದಾಜಿನ ಪ್ರಕಾರ 23.9% ಕುಗ್ಗಿತ್ತು. ಸುದ್ದಿ ಸೈಟುಗಳ ಪಾಡು ಇನ್ನೂ ವಿಚಿತ್ರ. ಹಿಂದೆಂದೂ ಇಲ್ಲದಷ್ಟು ಜನ ಸುದ್ದಿ ಓದುತ್ತಿದ್ದರು, ಆದರೆ ಅನೇಕ ಜಾಹೀರಾತುದಾರರು "ಕೊರೊನಾ" ಅನ್ನೋ ಪದ ಇರುವ ಪುಟದಲ್ಲಿ ತಮ್ಮ ಹೆಸರು ಕಾಣಿಸೋದೇ ಬೇಡ ಅಂತ ಆ ಪದವನ್ನೇ ತಡೆಪಟ್ಟಿಗೆ ಸೇರಿಸಿದ್ದರು. ಇಡೀ ಜಗತ್ತು ಓದುತ್ತಿದ್ದ ಪುಟ ಅದೊಂದೇ, ಅದಕ್ಕೇ ಬೆಲೆ ಇಲ್ಲ.

ಇದು ಮೊದಲ ಸಲ ಆದದ್ದೂ ಅಲ್ಲ. 2008ರ ಸೆಪ್ಟೆಂಬರ್ 15ರಂದು ಲೆಹ್‌ಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅಮೆರಿಕದಲ್ಲಿ ಇಂಟರ್ನೆಟ್ ಜಾಹೀರಾತಿನ ವರಮಾನ 2008ರಲ್ಲಿ 2,340 ಕೋಟಿ ಡಾಲರ್ ಇದ್ದದ್ದು 2009ರಲ್ಲಿ 2,270 ಕೋಟಿಗೆ ಇಳಿಯಿತು. ಅಲ್ಲಿನ ದಿನಪತ್ರಿಕೆಗಳ ಜಾಹೀರಾತು ಅದೇ ವರ್ಷ ಕಾಲು ಭಾಗಕ್ಕಿಂತ ಹೆಚ್ಚು ಕುಸಿದದ್ದಕ್ಕೆ ಹೋಲಿಸಿದರೆ ಇದು ತರಚು ಗಾಯ. ಆದರೆ ಒಟ್ಟು ಮೊತ್ತ ಸ್ವಲ್ಪವೇ ಇಳಿದರೂ ಸೈಟುಗಳ, ಪುಟಗಳ ಸಂಖ್ಯೆ ಬೆಳೆಯುತ್ತಲೇ ಇರುತ್ತೆ. ಇದ್ದ ಹಣ ಇನ್ನೂ ಹೆಚ್ಚು ಪುಟಗಳಿಗೆ ಹಂಚಿಹೋಗುತ್ತೆ. ಸಣ್ಣವರಿಗೆ ಸಾವಿರ ನೋಟದ ಲೆಕ್ಕದಲ್ಲಿ ಬೀಳುವ ಪೆಟ್ಟು ದೊಡ್ಡದಾಗಿರೋದು ಇದಕ್ಕೇ.

ನಮ್ಮ ದೇಶದ ಸೈಟಿನವರಿಗೆ ಒಂದು ವಿಚಿತ್ರ ರಕ್ಷಣೆ ಇದೆ. ಲೆಕ್ಕ ಡಾಲರಿನಲ್ಲಿ, ಖರ್ಚು ರೂಪಾಯಿಯಲ್ಲಿ. ಜಗತ್ತಿಗೆ ಭಯ ಹಿಡಿದಾಗೆಲ್ಲ ಎಲ್ಲರೂ ಡಾಲರ್ ಕಡೆ ಓಡುತ್ತಾರೆ, ರೂಪಾಯಿ ಬೀಳುತ್ತೆ. 2008ರ ಮಧ್ಯದಲ್ಲಿ ಡಾಲರಿಗೆ ಸುಮಾರು 43 ರೂಪಾಯಿ ಇದ್ದದ್ದು 2009ರ ಮಾರ್ಚ್ ಹೊತ್ತಿಗೆ 50 ದಾಟಿತ್ತು. 2020ರ ಫೆಬ್ರವರಿಯಲ್ಲಿ ಸುಮಾರು 71.5 ಇದ್ದದ್ದು ಏಪ್ರಿಲ್‌ನಲ್ಲಿ ಸುಮಾರು 76. ನಮ್ಮ ಗಳಿಕೆ ಡಾಲರಿನಲ್ಲಿ 33% ಇಳಿದಿದ್ದರೆ ರೂಪಾಯಿಯಲ್ಲಿ 29%. ಗಾಯಕ್ಕೆ ಅರಿಶಿನ ಹಚ್ಚಿದಷ್ಟು ಸಮಾಧಾನ. ಆದರೆ ಸರ್ವರ್ ಬಾಡಿಗೆಯೂ ಡಾಲರಿನಲ್ಲೇ ಇದ್ದುದರಿಂದ ಆ ಅರಿಶಿನವೂ ಅರ್ಧ ಉದುರಿತು.

ಅಷ್ಟರಲ್ಲಿ ಇನ್ನೊಂದು ತೊಡಕು. ನಮ್ಮ ಜಾಲದಲ್ಲಿ 100 ಡಾಲರ್ ತುಂಬಿದ ಮೇಲೇ ಹಣ ಬಿಡುಗಡೆ. ಫೆಬ್ರವರಿಯ 54, ಮಾರ್ಚ್‌ನ 44 ಸೇರಿ 98. ಎರಡು ಡಾಲರ್ ಕಮ್ಮಿ! ಹಿಂದಿನ ತಿಂಗಳುಗಳ ದರ ಉಳಿದಿದ್ದರೆ ಏಪ್ರಿಲ್‌ನಲ್ಲೇ ಕೈಗೆ ಬರಬೇಕಿದ್ದ ದುಡ್ಡು ಮೇ ಮೂರನೇ ವಾರಕ್ಕೆ ಹೋಯ್ತು. ಆ ಒಂದು ತಿಂಗಳಲ್ಲಿ ಅವನ ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನು. ಬೆಳಗ್ಗೆ ತಂಗಿಯ ಕ್ಲಾಸು, ಮಧ್ಯಾಹ್ನ ಇವನದು, ಎರಡೂ ಒಟ್ಟಿಗೆ ಬಂದ ದಿನ ಇವನು ಬಿಡುತ್ತಿದ್ದ. ಉಳಿದ ಮೂವರು ಮನೆಯಲ್ಲಿ ಕೇಳಿ, ಕೂಡಿಟ್ಟದ್ದು ಸೇರಿಸಿ, ಅವನ ಡೇಟಾ ಪ್ಯಾಕು ಹಾಕಿಸಿದೆವು. ಅವನು ಲೆಕ್ಕ ಬರೆದಿಟ್ಟುಕೊಂಡ. ಮೇ ತಿಂಗಳಲ್ಲಿ 134 ಡಾಲರ್, ಅಂದ್ರೆ ಸುಮಾರು 10 ಸಾವಿರ ರೂಪಾಯಿ ಬಂದಾಗ ಮೊದಲು ನಮ್ಮ ಸಾಲ ತೀರಿಸಿ, ಆಮೇಲೆ ತಂಗಿಗೆ ಸೆಕೆಂಡ್ ಹ್ಯಾಂಡ್ ಫೋನ್ ಕೊಂಡ. ಬೇಡ ಅಂದ್ರೂ ಕೇಳಲಿಲ್ಲ.

ದರ ಬಿದ್ದಾಗ ಸೈಟಿನವರ ಮುಂದೆ ನಾಲ್ಕೈದು ದಾರಿ ತೆರೆದುಕೊಳ್ಳುತ್ತವೆ. ಎಲ್ಲವೂ ಮೊದಲ ನೋಟಕ್ಕೆ ಚೆಂದವಾಗೇ ಕಾಣುತ್ತವೆ.

ಮೊದಲನೆಯದು, ಜಾಹೀರಾತಿನ ಸಂಖ್ಯೆ ಹೆಚ್ಚಿಸೋದು. ಮೂರಿದ್ದ ಕಡೆ ಆರು, ಡೌನ್‌ಲೋಡ್ ಗುಂಡಿಯ ಪಕ್ಕದಲ್ಲೇ ಇನ್ನೊಂದು ಗುಂಡಿಯಂಥದ್ದು. ನೀವೆಲ್ಲ ಇಂಥ ಸೈಟು ನೋಡಿರ್ತೀರಿ: ಪಿಡಿಎಫ್ ಎಲ್ಲಿದೆ ಅಂತ ಹುಡುಕೋಷ್ಟರಲ್ಲಿ ಮೂರು ಟ್ಯಾಬ್ ತೆರೆದಿರುತ್ತೆ. ಮಂಡ್ಯದ ಯಾವುದೋ ಹಳ್ಳಿಯಲ್ಲಿ ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಕ್ಲಾಸೂ ಕೇಳಿ, ನೋಟ್ಸೂ ಇಳಿಸಿಕೊಳ್ಳಬೇಕಾದ ಹುಡುಗಿಗೆ ಆ ಆರು ಜಾಹೀರಾತಿನ ಖರ್ಚೂ ಬೀಳುತ್ತೆ. ನಮ್ಮ ನಷ್ಟವನ್ನು ಅವಳ ಡೇಟಾದಿಂದ ತುಂಬಿಸಿಕೊಂಡ ಹಾಗೆ. ಬೇಡ ಅಂದುಕೊಂಡೆವು.

ಎರಡನೆಯದು, ವಾಟ್ಸಾಪ್ ಗ್ರೂಪುಗಳಲ್ಲಿ ಆಗ ಜೋರಾಗಿ ಓಡುತ್ತಿದ್ದ "ನೀನು ನನ್ನದು ಒತ್ತು, ನಾನು ನಿನ್ನದು ಒತ್ತುತ್ತೇನೆ" ಸಹಕಾರ ಸಂಘ. ಇದು ಕಳ್ಳತನ ಅಂತ ಹೇಳೋಕೆ ವ್ಯಾಕರಣ ಬೇಡ. ಎಲ್ಲೋ ಒಬ್ಬ ಸಣ್ಣ ವ್ಯಾಪಾರಿ ಕಷ್ಟಕಾಲದಲ್ಲಿ ಉಳಿಸಿ ಹಾಕಿದ ಜಾಹೀರಾತಿನ ದುಡ್ಡು ನಮ್ಮ ಆಟಕ್ಕೆ ಹೋಗುತ್ತೆ. ಅವನಿಗೆ ಒಂದು ಮಾರಾಟವೂ ಆಗಲ್ಲ, ಮುಂದಿನ ಹರಾಜಿನಲ್ಲಿ ಅವನು ಇನ್ನೂ ಕಮ್ಮಿ ಕೂಗ್ತಾನೆ. ದರ ಬಿದ್ದ ಸಂತೆಯನ್ನ ಇನ್ನಷ್ಟು ಬೀಳಿಸೋ ಕೆಲಸ.

ಮೂರನೆಯದು ನಿಜವಾಗಿ ಕಷ್ಟಕ್ಕಿಟ್ಟದ್ದು. 2020ರ ಕೊನೆಯಲ್ಲಿ ಒಂದು ಮೇಲ್ ಬಂತು. ತಕ್ಷಣ ಸಾಲ ಕೊಡೋ ಆಪ್ ಒಂದರ ಜಾಹೀರಾತು ಹಾಕಿ, ಕ್ಲಿಕ್ ಆಗಲಿ ಬಿಡಲಿ, ತಿಂಗಳಿಗೆ ಇಂತಿಷ್ಟು ಅಂತ ಕೊಡ್ತೇವೆ ಅಂತ. ಆ ಮೊತ್ತ ನಮ್ಮ ಇಡೀ ತಿಂಗಳ ಗಳಿಕೆಯ ಮೂರು ಪಟ್ಟು. ಎರಡು ರಾತ್ರಿ ಗ್ರೂಪ್ ಕಾಲ್‌ನಲ್ಲಿ ಮಾತಾಡಿದೆವು. ಬೇಕು ಅನ್ನೋ ಪಕ್ಷದವರ ವಾದ ತೆಗೆದುಹಾಕುವಂಥದ್ದಲ್ಲ: "ನಾವು ಹಾಕದಿದ್ರೆ ಇನ್ನೊಬ್ಬ ಹಾಕ್ತಾನೆ, ಓದೋರು ಎಂಜಿನಿಯರಿಂಗ್ ಹುಡುಗರು, ಚಿಕ್ಕ ಮಕ್ಕಳಲ್ಲ." ಆ ಚರ್ಚೆ ಮುಗಿಸಿದ್ದು ದುಡ್ಡಿನ ಅಗತ್ಯ ಎಲ್ಲರಿಗಿಂತ ಹೆಚ್ಚಿದ್ದವನೇ. "ಅಪ್ಪಂಗೆ ಗಾಡಿ ಕಂತಿನವರು ಫೋನ್ ಮಾಡೋದು ನಾನು ಕೇಳಿದೀನಿ ಕಣ್ರೋ. ಕಾಂಟ್ಯಾಕ್ಟ್ ಲಿಸ್ಟಲ್ಲಿರೋರಿಗೆಲ್ಲ ಫೋನ್ ಮಾಡಿ ಮಾನ ತೆಗೆಯೋರನ್ನ ನಮ್ಮ ಪುಟದಲ್ಲಿ ಕೂರಿಸೋದು ಬೇಡ" ಅಂದ. ಅದಾಗಿ ಕೆಲವೇ ದಿನಕ್ಕೆ, ಡಿಸೆಂಬರ್ 23ರಂದು, ಅನಧಿಕೃತ ಡಿಜಿಟಲ್ ಸಾಲದ ಆಪ್‌ಗಳ ಬಗ್ಗೆ ಆರ್‌ಬಿಐ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. 2021ರ ಜನವರಿಯಲ್ಲಿ ಅದರ ಅಧ್ಯಯನಕ್ಕೆ ಒಂದು ಕಾರ್ಯತಂಡವನ್ನೂ ರಚಿಸಿತು. ಹಿಂಜರಿತದಲ್ಲಿ ಒಳ್ಳೆಯ ಜಾಹೀರಾತುದಾರರು ಹರಾಜಿನಿಂದ ಎದ್ದು ಹೋದ ಜಾಗಕ್ಕೆ ಯಾರು ಬಂದು ಕೂರುತ್ತಾರೆ ಅನ್ನೋದನ್ನ ಆಗ ಕಲಿತೆವು. ಕಷ್ಟದಲ್ಲಿರುವವರಿಂದಲೇ ದುಡ್ಡು ಮಾಡುವವರಿಗೆ ಹಿಂಜರಿತವೇ ಸುಗ್ಗಿ.

ನಾಲ್ಕನೆಯದು ನಮ್ಮ ಕನ್ನಡ ಪುಟಗಳ ಪ್ರಶ್ನೆ. ಈ ಪತ್ರಿಕೆಯಲ್ಲಿ ಇದನ್ನ ಬಿಡಿಸಿ ಹೇಳಲೇಬೇಕು. ಫೆಬ್ರವರಿಯಲ್ಲಿ ಇಂಗ್ಲಿಷ್ ಪುಟಗಳ ಆರ್‌ಪಿಎಂ ಒಂದು ಡಾಲರ್, ಕನ್ನಡದ್ದು ಅರ್ಧ ಡಾಲರ್. ಏಪ್ರಿಲ್‌ನಲ್ಲಿ ಇಂಗ್ಲಿಷಿನದು 46 ಸೆಂಟ್, ಕನ್ನಡದ್ದು 19. ಇಂಗ್ಲಿಷ್ 54% ಬಿದ್ದರೆ ಕನ್ನಡ 62%. ಕನ್ನಡ ಪುಟಗಳನ್ನ ಆ ತಿಂಗಳು 20 ಸಾವಿರ ಸಲ ಜನ ನೋಡಿದ್ದರು. ಬಂದದ್ದು 3.8 ಡಾಲರ್, ಅಂದ್ರೆ 290 ರೂಪಾಯಿ.

ಓದುಗರು ಕಮ್ಮಿ ಆಗಿಲ್ಲ, ಹೆಚ್ಚಾಗಿದ್ದಾರೆ. ಆದರೂ ಪೆಟ್ಟು ಯಾಕೆ ಜಾಸ್ತಿ? ಪ್ರಾಬಬಿಲಿಟಿ ಓದಿದವರಿಗೆ ಉತ್ತರ ಸುಲಭ. ಹರಾಜಿನಲ್ಲಿ ಗೆದ್ದವರು ಎರಡನೇ ಅತಿ ಹೆಚ್ಚಿನ ಕೂಗಿನಷ್ಟು ಕೊಡಬೇಕು ಅಂತಿಟ್ಕೊಳ್ಳಿ. ಕೂಗುಗಳು 0 ಮತ್ತು 1ರ ನಡುವೆ ಸಮನಾಗಿ ಹರಡಿದ್ದರೆ, n ಜನ ಬಂದಾಗ ಸಿಗುವ ಸರಾಸರಿ ಬೆಲೆ (n-1)/(n+1). ಒಂಬತ್ತು ಜನ ಇದ್ದರೆ 0.80. ಮೂವರು ಎದ್ದು ಹೋಗಿ ಆರು ಜನ ಉಳಿದರೆ 0.71. ಇಳಿತ ಸುಮಾರು 11%. ಈಗ ಮೂವರೇ ಇರೋ ಹರಾಜು ತಗೊಳ್ಳಿ: 0.50. ಅದರಲ್ಲಿ ಒಬ್ಬ ಎದ್ದು ಹೋದರೆ 0.33. ಇಳಿತ 33%. ಎರಡೂ ಕಡೆ ಹೋದದ್ದು ಮೂರರಲ್ಲಿ ಒಂದು ಭಾಗವೇ, ಆದರೆ ತೆಳುವಾದ ಸಂತೆಗೆ ಬಿದ್ದ ಪೆಟ್ಟು ಮೂರು ಪಟ್ಟು. ಕನ್ನಡದ ಪುಟಕ್ಕೆ ಕೂಗುವವರು ಮೊದಲೇ ಕಮ್ಮಿ. ಗೂಗಲ್ ಆಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಹಿಂದಿಗೇ ಅದರ ಬೆಂಬಲ ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ, ಕನ್ನಡದ ಸರದಿ ಅದಕ್ಕೂ ಎಷ್ಟೋ ಆಮೇಲೆ. ಕನ್ನಡ ಓದೋರಿಗೆ ಏನಾದರೂ ಮಾರಬೇಕು ಅಂತ ಕನ್ನಡದಲ್ಲೇ ಜಾಹೀರಾತು ಮಾಡಿಸೋ ಕಂಪನಿಗಳು ಹೆಚ್ಚಾಗೋ ತನಕ ಈ ಸಮೀಕರಣ ಬದಲಾಗಲ್ಲ.

ನಮ್ಮಲ್ಲೊಬ್ಬ ನೇರವಾಗಿ ಹೇಳಿದ: "ಒಂದು ಕನ್ನಡ ಪಾಠ ಬರೆಯೋಕೆ ನಾಲ್ಕು ಸಂಜೆ. ಅಷ್ಟು ಹೊತ್ತಲ್ಲಿ ಇಪ್ಪತ್ತು ಪ್ರಶ್ನೆಪತ್ರಿಕೆ ಹಾಕಬಹುದು. ಎಮೋಷನ್ ಬಿಡಿ, ಲೆಕ್ಕ ನೋಡಿ." ಲೆಕ್ಕದ ಮಟ್ಟಿಗೆ ಅವನ ಮಾತು ಸರಿಯೇ. ಆದರೆ ಲೆಕ್ಕವನ್ನ ಇನ್ನೊಂದು ಕಡೆಯಿಂದಲೂ ಮಾಡಬಹುದಿತ್ತು. ಪ್ರಶ್ನೆಪತ್ರಿಕೆ ನಮ್ಮಲ್ಲಿ ಸಿಗದಿದ್ದರೆ ಬೇರೆ ಹತ್ತು ಕಡೆ ಸಿಗುತ್ತೆ. ಪಾರ್ಷಿಯಲ್ ಡಿಫರೆನ್ಷಿಯೇಶನ್ ಅನ್ನೋದನ್ನ, ಬೆಟ್ಟ ಹತ್ತುವಾಗ ಪೂರ್ವಕ್ಕೆ ಹೆಜ್ಜೆ ಇಟ್ಟರೆ ಎಷ್ಟು ಏರು, ಉತ್ತರಕ್ಕೆ ಇಟ್ಟರೆ ಎಷ್ಟು ಏರು ಅಂತ ಕನ್ನಡದಲ್ಲಿ ಬಿಡಿಸಿ ಹೇಳಿದ ಪುಟ ಆಗ ನಮ್ಮ ಕಣ್ಣಿಗೆ ಬೇರೆಲ್ಲೂ ಬಿದ್ದಿರಲಿಲ್ಲ. ಆ ಪುಟ ಓದಿದ ಒಬ್ಬ ಹುಡುಗ, "ಅಣ್ಣಾ, ಇಂಗ್ಲಿಷಲ್ಲಿ ಐದು ಸಲ ಓದಿದ್ದೆ, ಇಲ್ಲಿ ಒಂದೇ ಸಲಕ್ಕೆ ಆಯ್ತು. ಈಗ ಇಂಗ್ಲಿಷಲ್ಲೂ ಅರ್ಥ ಆಗ್ತಿದೆ" ಅಂತ ಬರೆದಿದ್ದ. ಹರಾಜಿನ ದರ ಹೇಳೋದು ಜಾಹೀರಾತುದಾರನಿಗೆ ಆ ಓದುಗ ಎಷ್ಟು ಬೆಲೆ ಬಾಳ್ತಾನೆ ಅಂತ. ಓದುಗನಿಗೆ ಆ ಪುಟ ಎಷ್ಟು ಬೆಲೆ ಬಾಳುತ್ತೆ ಅಂತ ಅದು ಹೇಳೋದೇ ಇಲ್ಲ. ಎರಡನ್ನೂ ಒಂದೇ ಅಂದ್ಕೊಂಡರೆ ಕನ್ನಡದಲ್ಲಿ ಯಾರೂ ಏನೂ ಬರೆಯಬಾರದು. ಕನ್ನಡ ಪುಟ ಉಳಿಸಿದೆವು. ಲೆಕ್ಕ ಹೇಳಿದವನೇ ಮುಂದಿನ ಎರಡು ಪಾಠ ಬರೆದ.

ವರಮಾನ ನಮ್ಮ ಕೈಯಲ್ಲಿಲ್ಲ ಅಂದ ಮೇಲೆ ಕೈಯಲ್ಲಿದ್ದದ್ದು ಖರ್ಚು. ಸರ್ವರಿಗೆ ತಿಂಗಳಿಗೆ 5 ಡಾಲರ್. ಏಪ್ರಿಲ್‌ನ 36ರಲ್ಲಿ ಅದು ಏಳನೇ ಒಂದು ಭಾಗ. ಯೋಚಿಸಿದರೆ ನಮ್ಮ ಸೈಟಿನಲ್ಲಿ ಡೇಟಾಬೇಸ್ ಬೇಕಾದ ಕೆಲಸವೇ ಇರಲಿಲ್ಲ. ಎಲ್ಲವನ್ನೂ ಸ್ಟ್ಯಾಟಿಕ್ ಪುಟ ಮಾಡಿ ಉಚಿತ ಹೋಸ್ಟಿಂಗಿಗೆ ಸಾಗಿಸಿದೆವು. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳನ್ನ ಕಪ್ಪು-ಬಿಳುಪಿಗೆ ತಂದು ಕುಗ್ಗಿಸಿದೆವು. 8 ಎಂಬಿ ಇದ್ದ ಫೈಲು 1 ಎಂಬಿಗೆ ಇಳಿಯಿತು. ಉಳಿದ ಖರ್ಚು ವರ್ಷಕ್ಕೊಮ್ಮೆ ಡೊಮೇನ್ ಹಣ ಮಾತ್ರ. ಪುಟ ಬೇಗ ತೆರೆದುಕೊಳ್ಳತೊಡಗಿತು, ಓದುಗರ ಡೇಟಾ ಉಳಿಯಿತು. ಮೂರು ಡಿಗ್ರಿ ಕೋರ್ಸಿನಲ್ಲಿ ಹೇಳಿಕೊಡೋ ಆಪ್ಟಿಮೈಸೇಶನ್ನನ್ನ 5 ಡಾಲರಿನ ಕೊರತೆ ಒಂದೇ ವಾರದಲ್ಲಿ ಕಲಿಸಿತು.

ಹರಾಜಿಗೆ ಸೇರದ ಒಂದು ಜಾಹೀರಾತೂ ನಮ್ಮಲ್ಲಿತ್ತು. ಕಾಲೇಜ್ ಗೇಟಿನ ಎದುರು ಜೆರಾಕ್ಸ್ ಅಂಗಡಿಯ ಅಣ್ಣ ತಿಂಗಳಿಗೆ 500 ರೂಪಾಯಿ ಕೊಟ್ಟು ಒಂದು ಚಿತ್ರ ಹಾಕಿಸಿದ್ದರು: "ಸ್ಪೈರಲ್ ಬೈಂಡಿಂಗ್, ಪ್ರಾಜೆಕ್ಟ್ ರಿಪೋರ್ಟ್, ಬೇಗ ಮಾಡಿಕೊಡಲಾಗುವುದು." ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು. ಫೋನ್ ಮಾಡಿ, "ಈಗ ಕೊಡೋಕಾಗಲ್ಲಪ್ಪ, ತೆಗೆದುಬಿಡಿ" ಅಂದ್ರು. ಆ ಜಾಗದಲ್ಲಿ ಬೇರೆ ಜಾಹೀರಾತು ಕೂರಿಸಿದರೂ ದಿನಕ್ಕೆ ನಾಲ್ಕೈದು ರೂಪಾಯಿ ಬರುತ್ತಿತ್ತು ಅಷ್ಟೆ. ಚಿತ್ರ ತೆಗೆಯಲಿಲ್ಲ. ಕಾಲೇಜು ತೆರೆದ ಮೇಲೆ ಅಂಗಡಿಗೆ ಹೋದಾಗ ಅವರು ಅದನ್ನ ಎತ್ತಲೂ ಇಲ್ಲ, ನಾವೂ ಎತ್ತಲಿಲ್ಲ. ಮೂರು ತಿಂಗಳ ನಂತರ ಹಳೇ ಬಾಕಿ ಅಂತ ಒಂದು ಕವರ್ ಕೊಟ್ಟರು. ಬಾಕಿ ಏನೂ ಇಲ್ಲ ಅಂದ್ರೆ ಬೈದರು. ಸಾಫ್ಟ್‌ವೇರಿನ ಹರಾಜಿನಲ್ಲಿ ಈ ಸಾಲು ಎಲ್ಲೂ ಬರಲ್ಲ.

ದರ ಆಮೇಲೆ ಏರಿತು. ಮೊದಲು ಬೀಳೋದು ಮೊದಲು ಏಳುತ್ತೆ ಕೂಡ. ನಿಲ್ಲಿಸೋಕೆ ಒಂದೇ ಗುಂಡಿ ಸಾಕಾದರೆ ಶುರು ಮಾಡೋಕೂ ಒಂದೇ ಸಾಕು. 2020ರ ಕೊನೆಯ ತ್ರೈಮಾಸಿಕದಲ್ಲಿ ಗೂಗಲ್‌ನ ಜಾಹೀರಾತು ವರಮಾನ 4,620 ಕೋಟಿ ಡಾಲರ್, ಹಿಂದಿನ ವರ್ಷಕ್ಕಿಂತ 22% ಹೆಚ್ಚು. ನಮ್ಮ ಪುಟಗಳ ತುಂಬ ಆನ್‌ಲೈನ್ ಕೋರ್ಸುಗಳ ಜಾಹೀರಾತು. 2021ರ ದೀಪಾವಳಿ ಹೊತ್ತಿಗೆ ಆರ್‌ಪಿಎಂ ಒಂದು ಡಾಲರ್ ಹತ್ತು ಸೆಂಟ್. ಆ ವರ್ಷ ಸೀನಿಯರ್‌ಗಳಿಗೆ ಒಬ್ಬೊಬ್ಬರಿಗೆ ಎರಡೆರಡು ಆಫರು.

2022ರಲ್ಲಿ ಎರಡನೇ ಇಳಿತ ಬಂತು. ಈ ಸಲ ರೋಗ ಅಲ್ಲ, ಬಡ್ಡಿದರ. ಮಾರ್ಚ್‌ನಿಂದ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸತೊಡಗಿತು. ಹೂಡಿಕೆದಾರರ ದುಡ್ಡಿನಲ್ಲಿ ಜಾಹೀರಾತು ಸುರಿಯುತ್ತಿದ್ದ ಕಂಪನಿಗಳ ಕೈ ಕಟ್ಟಿತು. ಏಪ್ರಿಲ್-ಜೂನ್‌ನಲ್ಲಿ ಮೆಟಾ ಕಂಪನಿಯ ವರಮಾನ ಮೊದಲ ಬಾರಿ ಹಿಂದಿನ ವರ್ಷಕ್ಕಿಂತ ಇಳಿಯಿತು. ಜುಲೈ-ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್‌ನ ಜಾಹೀರಾತು ವರಮಾನವೂ ಸುಮಾರು 2% ಇಳಿಯಿತು. ವರ್ಷದ ಕೊನೆಗೆ ನಮ್ಮ ಆರ್‌ಪಿಎಂ 70 ಸೆಂಟ್. ರೂಪಾಯಿ 82ಕ್ಕೆ ಹೋಗಿತ್ತು, ಅದೇ ಹಳೇ ಅರಿಶಿನ. ಕೋರ್ಸುಗಳ ಜಾಹೀರಾತು ಹೋದ ಜಾಗಕ್ಕೆ ಈ ಸಲ ಬೆಟ್ಟಿಂಗ್‌ನವರ ಮೇಲ್‌ಗಳು ಬಂದವು. ಆನ್‌ಲೈನ್ ಬೆಟ್ಟಿಂಗ್ ಜಾಹೀರಾತು ಹಾಕಬೇಡಿ ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆ ಜೂನ್‌ನಲ್ಲೇ ಸಲಹೆ ಹೊರಡಿಸಿತ್ತು. ಈ ಸಲ ನಮಗೆ ಎರಡು ರಾತ್ರಿ ಬೇಕಾಗಲಿಲ್ಲ, ಎರಡು ನಿಮಿಷ ಸಾಕಾಯ್ತು.

ಆದರೆ ಈ ಇಳಿತ ನೇರ ನಮ್ಮ ಕುತ್ತಿಗೆಗೇ ಬಂದಿತ್ತು. ನವೆಂಬರ್‌ನಲ್ಲಿ ಮೆಟಾ 11 ಸಾವಿರ ಜನರನ್ನ ಕೆಲಸದಿಂದ ತೆಗೆಯುವುದಾಗಿ ಹೇಳಿತು. ಜನವರಿಯಲ್ಲಿ ಗೂಗಲ್ 12 ಸಾವಿರ. ನಮ್ಮ ಪ್ಲೇಸ್‌ಮೆಂಟ್ ನೋಟಿಸ್ ಬೋರ್ಡಿನಲ್ಲಿ ಕಾಗದಗಳು ತೆಳುವಾದವು. ಆಫರ್ ಸಿಕ್ಕಿದ ಸೀನಿಯರ್‌ಗಳು ಸೇರೋ ದಿನಾಂಕಕ್ಕೆ ಕಾಯ್ತಾ ಕೂತಿದ್ದರು. ನಾವು ಆರ್‌ಪಿಎಂ ಹಾಳೆ ತೆಗೆದು ನೋಡಿದರೆ ಇಳಿತ ಅದಕ್ಕೂ ಕೆಲವು ತಿಂಗಳು ಮೊದಲೇ ಶುರುವಾಗಿತ್ತು. ಕಂಪನಿಗಳು ಮೊದಲು ಜಾಹೀರಾತು ನಿಲ್ಲಿಸುತ್ತವೆ, ಆಮೇಲೆ ನೇಮಕಾತಿ, ಕೊನೆಗೆ ಇದ್ದವರನ್ನ ಕಳಿಸುತ್ತವೆ. ಮಳೆ ಬರೋ ಮೊದಲು ಇರುವೆ ಸಾಲು ಕಟ್ಟೋ ಹಾಗೆ, ಆ ಪುಟ್ಟ ಚೌಕ ನಮಗೆ ಮೊದಲೇ ಹೇಳಿತ್ತು. ನಾಲ್ವರಲ್ಲಿ ಇಬ್ಬರು ಅದನ್ನ ನೋಡಿಯೇ ಗೇಟ್ ಪರೀಕ್ಷೆಗೆ ಕೂತರು. ಟಿಟಿ ಅಪ್ಪನ ಮಗ ಒಂದು ಸಣ್ಣ ಕಂಪನಿಯಲ್ಲಿ ವೆಬ್ ಕೆಲಸ ಹಿಡಿದಿದ್ದಾನೆ. ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದು ಸ್ಟ್ಯಾಟಿಕ್ ಪುಟಗಳ ಕಥೆಯನ್ನೇ. ಗಾಡಿ ಮತ್ತೆ ಓಡ್ತಿದೆ. ಕಂತು ಇನ್ನೂ ಇದೆ.

ಸೈಟು ಈಗ ಎರಡನೇ ವರ್ಷದ ನಾಲ್ವರ ಕೈಗೆ ಹೋಗುತ್ತಿದೆ. ಅವರಲ್ಲಿ ಇಬ್ಬರು ಹುಡುಗಿಯರು, ಒಬ್ಬಳು ಈಗಾಗಲೇ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಠ ಕನ್ನಡದಲ್ಲಿ ಬರೆಯಲು ಶುರು ಮಾಡಿದ್ದಾಳೆ. ಪಾಸ್‌ವರ್ಡಿನ ಜೊತೆ ಒಂದು ಹಾಳೆ ಕೊಟ್ಟಿದ್ದೇವೆ. ಅದರಲ್ಲಿ ಇರೋದು ಇಷ್ಟೆ. ದುಡ್ಡು ಇಳಿದ ದಿನ ಮೊದಲು ನೋಟ, ಕ್ಲಿಕ್, ಕ್ಲಿಕ್ಕಿನ ಬೆಲೆ ಮೂರನ್ನೂ ಬೇರೆಬೇರೆ ನೋಡಿ. ಕ್ಲಿಕ್ಕಿನ ಬೆಲೆ ಒಂದೇ ಇಳಿದಿದ್ದರೆ ಪುಟ ಕೆಡಿಸಲು ಹೋಗಬೇಡಿ, ಸಂತೆ ಏಳುವ ತನಕ ಖರ್ಚು ಇಳಿಸಿ. ಈ ತಿಂಗಳನ್ನ ಹಿಂದಿನ ತಿಂಗಳಿಗಲ್ಲ, ಹಿಂದಿನ ವರ್ಷದ ಇದೇ ತಿಂಗಳಿಗೆ ಹೋಲಿಸಿ, ಯಾಕಂದ್ರೆ ಹಬ್ಬದ ತಿಂಗಳಿಗೂ ಜನವರಿಗೂ ಯಾವಾಗಲೂ ಅಜಗಜಾಂತರ. ಆರು ತಿಂಗಳ ಡೊಮೇನ್, ಡೇಟಾ ಖರ್ಚಿನಷ್ಟು ಹಣ ಯಾವಾಗಲೂ ಮುಟ್ಟದೆ ಇಡಿ. ಮಾರುಕಟ್ಟೆಗಿಂತ ಮೂರು ಪಟ್ಟು ಕೊಡ್ತೀವಿ ಅಂತ ಬಂದವರ ಮೇಲ್‌ಗೆ ಉತ್ತರ ಕೊಡೋ ಮೊದಲು, ಆ ದುಡ್ಡು ಅವರಿಗೆ ಯಾರಿಂದ ಬರುತ್ತೆ ಅಂತ ಕೇಳ್ಕೊಳ್ಳಿ.

ಹಾಳೆಯ ಕೊನೇ ಸಾಲು ಕನ್ನಡ ಪುಟಗಳ ಬಗ್ಗೆ: ಇವುಗಳ ಆರ್‌ಪಿಎಂ ನೋಡಬೇಡಿ, ಇವಕ್ಕೆ ಬರೋ ಪತ್ರ ಓದಿ. ಕನ್ನಡ ಸಂಘದ ಗೆಳೆಯರೇ, ನಿಮ್ಮಲ್ಲಿ ಯಾರಿಗಾದರೂ ನಾಲ್ಕು ಸಂಜೆ ಬಿಡುವಿದ್ದರೆ ಒಂದು ಪಾಠ ಬರೆದುಕೊಡಿ. ಸಾವಿರ ಜನ ನೋಡಿದರೆ ಮೂವತ್ತು ರೂಪಾಯಿಯೂ ಬರಲಿಕ್ಕಿಲ್ಲ. ಆದರೆ ಆ ಸಾವಿರದಲ್ಲಿ ಒಬ್ಬ, ಮೊದಲ ಸೆಮಿಸ್ಟರಿನ ಕೊನೇ ಬೆಂಚಿನಲ್ಲಿ ಪಿಳಿಪಿಳಿ ನೋಡ್ತಾ ಕೂತವನು, ಮರುದಿನ ಕೈ ಎತ್ತಿ ಒಂದು ಪ್ರಶ್ನೆ ಕೇಳ್ತಾನೆ.